ಮೋಟಾರಿನ ಮುಂದಿನ ಅಚ್ಚು: ಮನೆಯಲ್ಲಿ ಮಾಡತಕ್ಕದ್ದೆಷ್ಟು, ಬಿಡತಕ್ಕದ್ದೆಷ್ಟು?



ಹಳೆಯ ಮೋಟಾರು ಬಂಡಿಯೊಂದನ್ನು ಮನೆಯ ಷೆಡ್ಡಿನಲ್ಲಿ ಪ್ರೀತಿಯಿಂದ ಉಳಿಸಿಕೊಂಡು ಬಂದಿರುವವರಿಗೆ ಎಂದಾದರೊಮ್ಮೆ ಒದಗುವ ಕಷ್ಟವೊಂದನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಮಳೆಯ ಸಂಜೆ; ರಸ್ತೆಯ ಅಂಚು ಕಾಣಿಸದು; ಮುಂದಿನ ಎಡಚಕ್ರವು ಚರಂಡಿಯ ಕಲ್ಲಿಗೆ ಬಲವಾಗಿ ಬಡಿಯುತ್ತದೆ. ಇಳಿದು ನೋಡಿದರೆ ದೀಪ ಒಡೆದಿಲ್ಲ, ಇಂಜಿನ್ನು ನಿಂತಿಲ್ಲ. ಆದರೆ ಚಕ್ರವು ಸ್ವಲ್ಪ ಹಿಂದಕ್ಕೆ ಸರಿದಂತಿದೆ. ಸ್ಟಿಯರಿಂಗನ್ನು ನೆಟ್ಟಗೆ ಹಿಡಿದರೆ ಬಂಡಿಯು ಒಂದು ಪಕ್ಕಕ್ಕೆ ಎಳೆಯುತ್ತದೆ. ಮರುದಿನ ನೆರೆಯವರೊಬ್ಬರು ಬಂದು, “ಇದೇನು ಮಹಾ ಕೆಲಸ ಸ್ವಾಮಿ? ಅಚ್ಚನ್ನು ಬಿಚ್ಚಿ ಕುಲುಮೆಗಿಟ್ಟು ಕೆಂಪಗೆ ಕಾಯಿಸಿ ನಾಲ್ಕು ಏಟು ಹಾಕಿಸಿದರೆ ಸರಿಹೋಗುತ್ತದೆ” ಎನ್ನುತ್ತಾರೆ. ಕೇಳುವುದಕ್ಕೆ ಹಿತವಾದ ಮಾತು. ಖರ್ಚು ಕಡಮೆ, ಕೆಲಸ ಒಂದೇ ದಿನದ್ದು. ಆದರೆ ಆ ನಾಲ್ಕು ಏಟುಗಳಿಂದಲೇ ಬಂಡಿಯು ಮೊದಲಿಗಿಂತ ಹೆಚ್ಚು ಅಪಾಯಕರವಾಗಬಹುದು. ಅದು ಹೇಗೆಂಬುದನ್ನೂ, ಹಾಗಾದರೆ ಮನೆಯಲ್ಲಿ ನಾವು ಮಾಡಬಹುದಾದ ಕೆಲಸವೇನೆಂಬುದನ್ನೂ ವಿಚಾರಮಾಡೋಣ.

ಮಾತು ಸ್ಪಷ್ಟವಾಗುವುದಕ್ಕಾಗಿ ಒಂದು ಬಂಡಿಯನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಅಮೆರಿಕದ ಹೆನ್ರಿ ಫೋರ್ಡನ ಕಾರ್ಖಾನೆಯಿಂದ 1908ರಿಂದ 1927ರ ವರೆಗೆ ಒಂದೂವರೆ ಕೋಟಿಗೂ ಮಿಕ್ಕಿ ಹೊರಬಂದ ‘ಟಿ’ ಮಾದರಿಯ ಫೋರ್ಡು ಅದು. ಇಪ್ಪತ್ತು ಕುದುರೆಶಕ್ತಿಯ ಇಂಜಿನ್ನು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 100 ಅಂಗುಲ ಅಂತರ. ಅದರ ರಚನೆ ಸರಳವಾದುದು. ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುವಂತಹುದು. ಆದ್ದರಿಂದ ಮುಂದಿನ ಅಚ್ಚಿನ ತತ್ತ್ವವನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇರೊಂದಿಲ್ಲ.

ಎತ್ತಿನ ಗಾಡಿಯಲ್ಲಿ ಅಚ್ಚು ಒಂದೇ ನೇರವಾದ ಕಂಬಿ. ಚಕ್ರಗಳು ಅದರ ತುದಿಗಳಲ್ಲಿ ಸುಮ್ಮನೆ ಸುತ್ತುತ್ತವೆ. ಮೋಟಾರಿನ ಮುಂದಿನ ಚಕ್ರಗಳಾದರೋ ಸುತ್ತುವುದರ ಜೊತೆಗೆ ಎಡಕ್ಕೂ ಬಲಕ್ಕೂ ತಿರುಗಬೇಕು. ಆದ್ದರಿಂದ ಅಚ್ಚಿನ ಎರಡು ತುದಿಗಳಲ್ಲಿಯೂ ಕವಲು ಮಾಡಿ, ಮೇಲಿನಿಂದ ಕೆಳಕ್ಕೆ ದಪ್ಪನೆಯ ಗೂಟವೊಂದನ್ನು ತೂರಿಸಿರುತ್ತಾರೆ. ಇದನ್ನೇ ಕಿಂಗ್‌ಪಿನ್ನು ಎನ್ನುವುದು. ಬಾಗಿಲು ಕೀಲಿನ ಮೇಲೆ ತಿರುಗುವಂತೆ, ಚಕ್ರವನ್ನು ಹೊತ್ತ ಸ್ಪಿಂಡಲು ಈ ಗೂಟದ ಮೇಲೆ ತಿರುಗುತ್ತದೆ. ಎರಡು ಸ್ಪಿಂಡಲುಗಳೂ ಒಟ್ಟಿಗೆ ತಿರುಗುವಂತೆ ಅಚ್ಚಿನ ಹಿಂದುಗಡೆ ಟೈ ರಾಡೆಂಬ ದಂಡವೊಂದು ಅವುಗಳನ್ನು ಕಟ್ಟಿಹಾಕಿದೆ. ಅಚ್ಚಿನ ನೆತ್ತಿಯ ಮೇಲೆ ಅಡ್ಡಲಾಗಿ, ಬಿಲ್ಲಿನಂತೆ ಬಾಗಿದ ಪಟ್ಟೆಗಳ ಸ್ಪ್ರಿಂಗು. ಅದರ ನಡುಭಾಗವು ಬಂಡಿಯ ಚೌಕಟ್ಟಿಗೂ, ಎರಡು ಕೊನೆಗಳು ಷಾಕಲ್ಲುಗಳೆಂಬ ಕೊಂಡಿಗಳ ಮೂಲಕ ಅಚ್ಚಿಗೂ ಸೇರಿವೆ. ಕೊನೆಯದಾಗಿ, ಅಚ್ಚಿನಿಂದ ಹಿಂದಕ್ಕೆ ಎರಡು ಕೈಗಳು ಹೊರಟು, ಇಂಜಿನ್ನಿನ ಕೆಳಗೆ ಒಂದು ಗುಂಡಿನಲ್ಲಿ ಕೂಡುತ್ತವೆ. ಅಚ್ಚು ಹಿಂದಕ್ಕೂ ಮುಂದಕ್ಕೂ ಹೊರಳದಂತೆ ಹಿಡಿದಿರುವುದು ಈ ಕವಲುದಂಡವೇ.

ಅಚ್ಚನ್ನು ಅಡ್ಡಲಾಗಿ ಸೀಳಿ ನೋಡಿದರೆ ರೋಮನ್ ಲಿಪಿಯ ‘ಐ’ ಅಕ್ಷರದ ಆಕಾರ ಕಾಣುವುದು. ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ನಡುವೆ ತೆಳುವಾದ ಗೋಡೆ. ಮೇಲಿನಿಂದ ಬೀಳುವ ಭಾರವನ್ನು ತಡೆಯಲು ಈ ಆಕಾರ ಬಹಳ ಸಮರ್ಥವಾದುದು. ಆದರೆ ಮುಂದಿನಿಂದ ಬರುವ ಏಟಿಗೆ ಅಷ್ಟು ಬಲವಾಗಿ ಎದುರು ನಿಲ್ಲಲಾರದು. ಗುಂಡಿಗೆ ಇಳಿದು ಎದ್ದ ಬಂಡಿಯ ಅಚ್ಚು ಸಾಮಾನ್ಯವಾಗಿ ಬಾಗದೆ ಉಳಿಯುವುದಕ್ಕೂ, ಕಲ್ಲಿಗೆ ಎದುರಾಗಿ ಬಡಿದ ಬಂಡಿಯ ಅಚ್ಚು ಹಿಂದಕ್ಕೆ ಬಾಗುವುದಕ್ಕೂ ಇದೇ ಕಾರಣ.

ಇನ್ನು ಚಕ್ರಗಳ ನಿಲುವಿನ ವಿಚಾರ. ಮುಂದಿನ ಚಕ್ರಗಳು ನೆಟ್ಟಗೆ ನಿಂತಿರುವಂತೆ ತೋರಿದರೂ ಅವುಗಳಲ್ಲಿ ಮೂರು ಬಗೆಯ ಓರೆಗಳುಂಟು. ಮೊದಲನೆಯದು ಕಿಂಗ್‌ಪಿನ್ನಿನ ಓರೆ. ಅದರ ತಲೆ ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ. ಟಿ ಫೋರ್ಡಿನಲ್ಲಿ ಐದೂವರೆ ಡಿಗ್ರಿ. ಬೈಸಿಕಲ್ಲಿನ ಮುಂದಿನ ಕವಲೂ ಹೀಗೆಯೇ ಓರೆಯಾಗಿರುವುದನ್ನು ತಾವು ನೋಡಿರಬಹುದು. ಈ ಓರೆಯಿಂದಾಗಿ ಟೈರು ನೆಲವನ್ನು ಮುಟ್ಟುವ ಜಾಗವು ಗೂಟದ ರೇಖೆಗಿಂತ ಹಿಂದೆ ಬೀಳುತ್ತದೆ; ಚಕ್ರವು ಎಳೆಸಿಕೊಂಡು ಬರುವ ವಸ್ತುವಿನಂತೆ ತಾನೇ ನೇರವಾಗುತ್ತದೆ. ಈ ಓರೆ ತಪ್ಪಿದರೆ ಬಂಡಿಯು ರಸ್ತೆಯಲ್ಲಿ ಅಲೆಯತೊಡಗುವುದು. ಮುಂದಕ್ಕೆ ವಾಲಿಬಿಟ್ಟರೆ ತಿರುವಿನಲ್ಲಿ ಚಕ್ರಗಳು ತಾವಾಗಿಯೇ ಇನ್ನಷ್ಟು ತಿರುಗಿ ಚಾಲಕನ ಕೈಯನ್ನು ಮೀರಬಹುದು. ಎರಡನೆಯದು ಚಕ್ರದ ಹೊರವಾಲು. ಟಿ ಫೋರ್ಡಿನಲ್ಲಿ ಚಕ್ರಗಳ ಮೇಲ್ತುದಿಗಳ ನಡುವಣ ಅಂತರವು ಕೆಳತುದಿಗಳ ಅಂತರಕ್ಕಿಂತ ಸುಮಾರು ಮೂರು ಅಂಗುಲ ಹೆಚ್ಚು. ಮೂರನೆಯದು ಒಳಮುಖ. ಮೇಲಿನಿಂದ ನೋಡಿದರೆ ಚಕ್ರಗಳ ಮುಂಭಾಗಗಳು ಹಿಂಭಾಗಗಳಿಗಿಂತ ಕೂದಲೆಳೆಯಷ್ಟು ಹತ್ತಿರ. ಇದು ಕಾಲು ಅಂಗುಲವನ್ನು ಮೀರಬಾರದು. ಮೀರಿದರೆ ಟೈರುಗಳು ಪಕ್ಕಕ್ಕೆ ಉಜ್ಜಿಕೊಂಡು ಬೇಗನೆ ಸವೆಯುತ್ತವೆ.

ಈಗ ರೋಗನಿದಾನಕ್ಕೆ ಬರೋಣ. ಯಾವುದನ್ನೂ ಬಿಚ್ಚುವುದಕ್ಕೆ ಮೊದಲು ಅಳೆಯಬೇಕು. ಸಮತಲವಾದ ನೆಲದ ಮೇಲೆ ಬಂಡಿಯನ್ನು ನಿಲ್ಲಿಸಿ, ಟೈರುಗಳ ಗಾಳಿಯನ್ನು ಸಮಮಾಡಿ, ಚಕ್ರಗಳನ್ನು ನೇರವಾಗಿಡಿ. ಹಿಂದಿನ ಚಕ್ರದ ನಡುವಿನಿಂದ ಮುಂದಿನ ಚಕ್ರದ ನಡುವಿಗೆ ಎಡಗಡೆಯೂ ಬಲಗಡೆಯೂ ಅಳತೆ ತೆಗೆಯಿರಿ. ಎರಡೂ ಒಂದೇ ಆಗಿರಬೇಕು. ಎಡಗಡೆ ಕಡಮೆಯಾಗಿದ್ದರೆ ಕಾರಣ ನಾಲ್ಕರಲ್ಲಿ ಒಂದು: ಸ್ಪ್ರಿಂಗಿನ ನಡುವಣ ಹಿಡಿತ ಸಡಲಿ ಅಚ್ಚು ಸರಿದಿರಬಹುದು, ಕವಲುದಂಡ ಬಾಗಿರಬಹುದು, ಅಚ್ಚೇ ಬಾಗಿರಬಹುದು, ಇಲ್ಲವೆ ಸ್ಪಿಂಡಲು ಬಾಗಿರಬಹುದು. ಚಕ್ರವನ್ನು ಜಾಕಿನಿಂದೆತ್ತಿ ಸುತ್ತಿಸಿ ನೋಡಿ. ಸುತ್ತುವಾಗ ಚಕ್ರದ ಅಂಚು ಓಲಾಡಿದರೆ ದೋಷ ಚಕ್ರದಲ್ಲಿದೆ. ಅಂಚು ಒಂದೇ ಸಮನೆ ಸುತ್ತುತ್ತಿದ್ದು ಚಕ್ರದ ನಿಲುವು ಮಾತ್ರ ತಪ್ಪಾಗಿದ್ದರೆ ದೋಷ ಸ್ಪಿಂಡಲಿನಲ್ಲೋ ಅಚ್ಚಿನಲ್ಲೋ ಇದೆ. ಬಳಿಕ ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಇನ್ನೊಬ್ಬರು ಕಿಂಗ್‌ಪಿನ್ನಿನ ಕಡೆ ದೀಪ ಹಿಡಿದು ನೋಡಲಿ. ಸ್ಪಿಂಡಲು ಗೂಟದ ಮೇಲೆ ಅಲ್ಲಾಡಿದರೆ ಬುಷ್ಷುಗಳು ಸವೆದಿವೆ. ಸ್ಪಿಂಡಲು ನಿಂತಿದ್ದು ಚಕ್ರ ಮಾತ್ರ ಅಲ್ಲಾಡಿದರೆ ಬೇರಿಂಗು ಸಡಲಿದೆ. ಹೀಗೆ ಅರ್ಧ ಗಂಟೆಯ ಪರೀಕ್ಷೆಯಿಂದ ಅರ್ಧ ದಿನದ ವ್ಯರ್ಥಶ್ರಮ ಉಳಿಯುವುದು.

ಅಚ್ಚನ್ನು ಕೆಳಗಿಳಿಸಬೇಕೆಂದು ತೀರ್ಮಾನವಾದರೆ, ಪ್ರಾಣರಕ್ಷಣೆಯ ನಿಯಮವನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಜಾಕು ಎತ್ತುವುದಕ್ಕಾಗಿ ಇರುವ ಸಾಧನವೇ ಹೊರತು ಹೊತ್ತು ನಿಲ್ಲುವುದಕ್ಕಾಗಿ ಅಲ್ಲ. ಹಿಂದಿನ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಮರದ ತಡೆಗಳನ್ನು ಕೊಟ್ಟು, ಬಂಡಿಯನ್ನೆತ್ತಿ, ಚೌಕಟ್ಟಿನ ಎರಡು ಪಕ್ಕಗಳ ಕೆಳಗೂ ಭದ್ರವಾದ ಉಕ್ಕಿನ ಸ್ಟ್ಯಾಂಡುಗಳನ್ನೋ, ಒಂದರ ಮೇಲೊಂದು ಅಡ್ಡಡ್ಡಲಾಗಿ ಪೇರಿಸಿದ ದಪ್ಪ ತೊಲೆಗಳನ್ನೋ ಇಡಬೇಕು. ಇಟ್ಟಿಗೆ ಮತ್ತು ಸಿಮೆಂಟು ದಿಮ್ಮಿಗಳು ಭಾರ ಬಿದ್ದಾಗ ಸೂಚನೆಯಿಲ್ಲದೆ ಸಿಡಿಯುತ್ತವೆ, ಅವುಗಳನ್ನು ನಂಬಬಾರದು. ಊರೆಗಳು ಕೂತ ಮೇಲೆ ಬಂಡಿಯನ್ನು ಕೈಯಿಂದ ಬಲವಾಗಿ ತಳ್ಳಿ ನೋಡಿ, ಅದು ಕದಲದಿದ್ದರೆ ಮಾತ್ರ ಕೆಳಗೆ ಹೋಗತಕ್ಕದ್ದು. ಮನೆಯಲ್ಲಿ ಒಬ್ಬರೇ ಇರುವಾಗ ಈ ಕೆಲಸಕ್ಕೆ ಕೈ ಹಾಕದಿರುವುದು ಲೇಸು.

ಸ್ಪ್ರಿಂಗಿನ ವಿಚಾರದಲ್ಲಿಯೂ ಎಚ್ಚರಿಕೆ ಬೇಕು. ಅಚ್ಚಿನ ಮೇಲೆ ಕುಳಿತಿರುವಾಗ ಅದು ಹಿಗ್ಗಿಸಿದ ಬಿಲ್ಲಿನಂತಿರುತ್ತದೆ. ಕೊಂಡಿಗಳನ್ನು ನೇರವಾಗಿ ಕಳಚಹೊರಟರೆ ಸ್ಪ್ರಿಂಗಿನ ಕೊನೆ ಸಿಡಿದು ಕೈ ಮುರಿಯಬಹುದು. ಚೌಕಟ್ಟಿಗೆ ಸ್ಪ್ರಿಂಗನ್ನು ಬಿಗಿದಿರುವ ಬೋಲ್ಟುಗಳನ್ನು ಬಿಚ್ಚಿ, ಗುಂಡಿನ ಮುಚ್ಚಳವನ್ನೂ ಸ್ಟಿಯರಿಂಗಿನ ದಂಡವನ್ನೂ ಬಿಡಿಸಿ, ಅಚ್ಚು, ಸ್ಪ್ರಿಂಗು, ಕವಲುದಂಡ ಮೂರನ್ನೂ ಒಟ್ಟಾಗಿಯೇ ಹೊರಕ್ಕೆ ತರುವುದು ಸುರಕ್ಷಿತವಾದ ಮಾರ್ಗ. ಬಳಿಕ ಸ್ಪ್ರಿಂಗನ್ನು ಅಗಲಿಸಿ ಹಿಡಿಯುವ ಉಪಕರಣವನ್ನು ಕೂಡಿಸಿಕೊಂಡೇ ಕೊಂಡಿಗಳನ್ನು ಕಳಚಬೇಕು. ಪಟ್ಟೆಗಳನ್ನು ಬೇರೆಮಾಡುವಾಗ ನಡುವಣ ಬೋಲ್ಟಿನ ಇಕ್ಕೆಲಗಳಲ್ಲಿಯೂ ಬಲವಾದ ಕ್ಲಾಂಪುಗಳನ್ನು ಹಾಕಿ, ಬೋಲ್ಟು ತೆಗೆದ ಮೇಲೆ ಅವುಗಳನ್ನು ಸ್ವಲ್ಪಸ್ವಲ್ಪವಾಗಿ ಸಡಲಿಸಬೇಕು. ಪಟ್ಟೆಗಳ ತುಕ್ಕನ್ನುಜ್ಜಿ, ಗ್ರಾಫೈಟು ಬೆರೆಸಿದ ಗ್ರೀಸನ್ನು ತೆಳುವಾಗಿ ಸವರಿ ಮತ್ತೆ ಜೋಡಿಸುವುದು ಮನೆಯಲ್ಲಿ ಧಾರಾಳವಾಗಿ ಮಾಡಬಹುದಾದ ಕೆಲಸ. ಮುರಿದ ಪಟ್ಟೆಯನ್ನು ಬೆಸೆಯುವ ಗೋಜಿಗೆ ಹೋಗದೆ ಹೊಸದನ್ನು ಹಾಕತಕ್ಕದ್ದು.

ಹೊರಬಂದ ಅಚ್ಚನ್ನು ಮೊದಲು ಚೆನ್ನಾಗಿ ತೊಳೆದು, ಬಣ್ಣವನ್ನು ಕೆರೆದು, ಲೋಹವು ಕಾಣುವಂತೆ ಮಾಡಬೇಕು. ಬಾಗನ್ನು ಹುಡುಕುವುದಕ್ಕಿಂತ ಮುಂಚೆ ಬಿರುಕನ್ನು ಹುಡುಕಬೇಕು. ಇದಕ್ಕೆ ರೈಲ್ವೆ ಕಾರ್ಯಾಗಾರಗಳಲ್ಲಿ ಹಿಂದೆ ಬಳಕೆಯಲ್ಲಿದ್ದ ಸುಲಭೋಪಾಯವೊಂದುಂಟು. ಲೋಹಕ್ಕೆ ಸೀಮೆಎಣ್ಣೆಯನ್ನು ಧಾರಾಳವಾಗಿ ಹಚ್ಚಿ ಕೆಲವು ಗಂಟೆ ಬಿಟ್ಟು, ಆಮೇಲೆ ಒಣಬಟ್ಟೆಯಿಂದ ಪೂರ್ತಿಯಾಗಿ ಒರೆಸಿ, ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಬಳಿಯುವುದು. ಬಿರುಕಿದ್ದರೆ ಅದರೊಳಗೆ ಇಳಿದಿದ್ದ ಎಣ್ಣೆಯು ಸ್ವಲ್ಪ ಹೊತ್ತಿನಲ್ಲಿಯೇ ಹೊರಕ್ಕೆ ಒಸರಿ, ಬಿಳಿಯ ಪುಡಿಯ ಮೇಲೆ ಕಪ್ಪುಗೆರೆಯಾಗಿ ತೋರುವುದು. ಇಂದಿನ ಕಾರ್ಯಾಗಾರಗಳಲ್ಲಿ ಇದೇ ತತ್ತ್ವದ ಮೇಲೆ ಬಣ್ಣದ ದ್ರವವನ್ನೂ, ಇನ್ನೂ ಸೂಕ್ಷ್ಮವಾದ ಪರೀಕ್ಷೆಗೆ ಅಯಸ್ಕಾಂತವನ್ನೂ ಉಪಯೋಗಿಸುತ್ತಾರೆ. ಸೀಮೆಎಣ್ಣೆಗೆ ಕಾಣಿಸದ ಬಿರುಕು ಅವುಗಳಿಗೆ ಕಾಣಿಸಬಹುದಾದ್ದರಿಂದ, ಬಲವಾದ ಏಟು ತಿಂದ ಅಚ್ಚನ್ನು ಅಲ್ಲಿಗೂ ಒಮ್ಮೆ ಕಳುಹಿಸುವುದು ಯುಕ್ತ. ಬಿರುಕು ಎಷ್ಟೇ ಚಿಕ್ಕದಿರಲಿ, ಆ ಅಚ್ಚಿನ ಆಯುಸ್ಸು ಮುಗಿಯಿತೆಂದು ತಿಳಿಯಬೇಕು.

ಬಿರುಕಿಲ್ಲದಿದ್ದರೆ ನೇರವನ್ನು ನೋಡೋಣ. ಎರಡು ಕಿಂಗ್‌ಪಿನ್ನುಗಳ ರಂಧ್ರಗಳಿಗೂ ಬಿಗಿಯಾಗಿ ಕೂರುವ ಉದ್ದನೆಯ ಎರಡು ಸಲಾಕೆಗಳನ್ನು ತೂರಿಸಿ, ಅಚ್ಚಿನ ಒಂದು ಕೊನೆಯ ಹತ್ತಿರ ನಿಂತು ಇನ್ನೊಂದು ಕೊನೆಯ ಕಡೆಗೆ ಕಣ್ಣು ಹಾಯಿಸಿ. ಒಂದು ಸಲಾಕೆ ಇನ್ನೊಂದನ್ನು ಪೂರ್ತಿಯಾಗಿ ಮರೆಮಾಡಬೇಕು. ಒಂದು ಮುಂದಕ್ಕೂ ಒಂದು ಹಿಂದಕ್ಕೂ ವಾಲಿದ್ದರೆ ಅಚ್ಚು ತಿರುಚಿಕೊಂಡಿದೆ. ಬಳಿಕ ರಂಧ್ರದ ನಡುವಿನಿಂದ ರಂಧ್ರದ ನಡುವಿಗೆ ದಾರವನ್ನು ಬಿಗಿದು ಕಟ್ಟಿದರೆ, ಅಚ್ಚು ಹಿಂದಕ್ಕೆ ಬಾಗಿದೆಯೇ ಎಂಬುದು ತಿಳಿಯುವುದು. ಅಚ್ಚನ್ನು ಮತ್ತೆ ಬಂಡಿಗೆ ಕೂಡಿಸಿದಾಗಲೂ, ಚಕ್ರಗಳನ್ನಿಡುವುದಕ್ಕೆ ಮೊದಲು, ಇದೇ ಸಲಾಕೆಯ ಪಕ್ಕದಲ್ಲಿ ಗಾರೆಯವರ ತೂಗುಗುಂಡನ್ನು ಇಳಿಬಿಡಿ. ಹತ್ತು ಅಂಗುಲದ ಎತ್ತರದಲ್ಲಿ ಸಲಾಕೆಯು ದಾರದಿಂದ ಸುಮಾರು ಒಂದು ಅಂಗುಲದಷ್ಟು ಹಿಂದಕ್ಕೆ ವಾಲಿರಬೇಕು. ನಾನು ಮೊದಲು ಹೇಳಿದ ಐದೂವರೆ ಡಿಗ್ರಿ ಎಂದರೆ ಇಷ್ಟೇ.

ಇಲ್ಲಿಯವರೆಗಿನದೆಲ್ಲ ತಾಳ್ಮೆಯ ಕೆಲಸ. ಯಾವ ಬುದ್ಧಿವಂತ ಗೃಹಸ್ಥನೂ ಮಾಡಬಹುದು. ಅಚ್ಚು ಬಾಗಿದೆಯೆಂದು ಗೊತ್ತಾದ ಮೇಲೆ ಕುಲುಮೆಯ ಸಲಹೆ ಏಕೆ ಕೂಡದೆಂಬುದನ್ನು ಈಗ ಹೇಳುತ್ತೇನೆ. ಟಿ ಫೋರ್ಡಿನ ಅಚ್ಚು ಬರಿಯ ಕಬ್ಬಿಣವಲ್ಲ. ವೆನೇಡಿಯಂ ಎಂಬ ಲೋಹವನ್ನು ಅಲ್ಪಪ್ರಮಾಣದಲ್ಲಿ ಬೆರೆಸಿದ ಉಕ್ಕನ್ನು ಅಚ್ಚಿನಲ್ಲಿಟ್ಟು ಬಡಿದು ರೂಪಿಸಿ, ಆಮೇಲೆ ಗೊತ್ತಾದ ಉಷ್ಣಕ್ಕೆ ಕಾಯಿಸಿ, ತಣಿಸಿ, ಮತ್ತೆ ಕಡಮೆ ಉಷ್ಣದಲ್ಲಿ ಹದಗೊಳಿಸಿ ತಯಾರಿಸಿದ್ದು. ನಮ್ಮ ಹಳ್ಳಿಯ ಕಮ್ಮಾರರು ಕುಡುಗೋಲಿಗೆ ಹದ ಕೊಡುವುದನ್ನು ನೋಡಿದವರಿಗೆ ಇದರ ಮರ್ಮ ತಿಳಿದೇ ಇದೆ. ಬಲವಿರುವುದು ಲೋಹದಲ್ಲಿ ಎಷ್ಟೋ ಹದದಲ್ಲಿಯೂ ಅಷ್ಟೇ. ಕೆಂಪಗೆ ಕಾಯಿಸಿದೊಡನೆ ಕಾರ್ಖಾನೆಯವರು ಕೊಟ್ಟ ಹದ ಅಳಿಸಿಹೋಗುವುದು. ಅನಂತರ ಗಾಳಿಯಲ್ಲಿ ಆರಲು ಬಿಟ್ಟರೆ ಉಕ್ಕು ಮೆತ್ತಗಾಗಿ, ಮುಂದಿನ ಸಾಧಾರಣ ಏಟಿಗೇ ಮತ್ತೆ ಬಾಗುವುದು. ನೀರಿನಲ್ಲಿ ಅದ್ದಿದರೆ ಗಾಜಿನಂತೆ ಬಿರುಸಾಗಿ, ಒಂದು ದಿನ ಸೂಚನೆಯೇ ಇಲ್ಲದೆ ತುಂಡಾಗಬಹುದು. ಎಲ್ಲಕ್ಕಿಂತ ಹೆಚ್ಚಿನ ಕೇಡೆಂದರೆ, ಕಣ್ಣಿಗೆ ಮಾತ್ರ ಅಚ್ಚು ನೆಟ್ಟಗೆ ಕಾಣುತ್ತದೆ. ಬಣ್ಣ ಬಳಿದ ಮೇಲೆ ಕೆಟ್ಟ ಅಚ್ಚಿಗೂ ಒಳ್ಳೆಯ ಅಚ್ಚಿಗೂ ಭೇದವೇ ತಿಳಿಯುವುದಿಲ್ಲ. ಇದು ಕಮ್ಮಾರನ ಕೈಯ ದೋಷವಲ್ಲ. ಆ ಉಕ್ಕಿನ ಪಾಕವನ್ನು ಅವನಿಗೆ ಯಾರೂ ತಿಳಿಸಿಲ್ಲ. ಅದಕ್ಕೆ ಬೇಕಾದ ಉಷ್ಣಮಾಪಕವೂ ಅವನ ಬಳಿಯಿಲ್ಲ.

ಫೋರ್ಡಿನ ಕಾರ್ಖಾನೆಯವರೇ ತಮ್ಮ ಕೈಪಿಡಿಯಲ್ಲಿ, ಬಾಗಿದ ಅಚ್ಚನ್ನೂ ಸ್ಪಿಂಡಲನ್ನೂ ಕಾಯಿಸಕೂಡದೆಂದೂ, ತಣ್ಣಗಿರುವಾಗಲೇ ನೇರಮಾಡಬೇಕೆಂದೂ, ಕಣ್ಣಂದಾಜನ್ನು ನಂಬಬಾರದೆಂದೂ, ಸಾಧ್ಯವಾದರೆ ಕಾರ್ಖಾನೆಗೇ ಕಳುಹಿಸಬೇಕೆಂದೂ ವಿಧಿಸಿದ್ದರು. ತಣ್ಣಗೆ ನೇರಮಾಡುವುದೆಂದರೆ ಸುತ್ತಿಗೆಯ ಕೆಲಸವಲ್ಲ. ಅಚ್ಚನ್ನು ಭದ್ರವಾದ ಚೌಕಟ್ಟಿನಲ್ಲಿ ಹಿಡಿಸಿ, ಜಲಒತ್ತಡದ ಯಂತ್ರದಿಂದ ಮೆಲ್ಲಮೆಲ್ಲನೆ ಒತ್ತಬೇಕು. ಉಕ್ಕು ತನ್ನ ಹಳೆಯ ನಿಲುವಿಗೆ ಸ್ವಲ್ಪ ಹಿಂದಿರುಗುವುದರಿಂದ, ನೇರಕ್ಕಿಂತ ಅಷ್ಟು ಹೆಚ್ಚಾಗಿ ಒತ್ತಿ, ಬಿಟ್ಟು, ಅಳೆದು, ಮತ್ತೆ ಒತ್ತಬೇಕು. ಕೆಲಸ ಮುಗಿದ ಮೇಲೆ ಬಿರುಕಿನ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಬೇಕು. ಸ್ವಲ್ಪ ಬಾಗಿದ ಅಚ್ಚಿಗೆ ಈ ಚಿಕಿತ್ಸೆ ಸರಿ. ಬಹಳ ಬಾಗಿದುದನ್ನೂ, ಹಿಂದೊಮ್ಮೆ ನೇರಮಾಡಿದ ಗುರುತುಳ್ಳದನ್ನೂ ತ್ಯಜಿಸುವುದೇ ವಿವೇಕ. ಅಚ್ಚು, ಸ್ಪಿಂಡಲು, ಸ್ಟಿಯರಿಂಗಿನ ಕೈ ಇವುಗಳಿಗೆ ಬೆಸುಗೆ ಹಾಕುವ ಯೋಚನೆಯನ್ನಂತೂ ಮನೆಯಲ್ಲಿ ಮಾಡಲೇಬಾರದು. ಲಕ್ಷೋಪಲಕ್ಷವಾಗಿ ತಯಾರಾದ ಬಂಡಿಯಾದ್ದರಿಂದ ಒಳ್ಳೆಯ ಹಳೆಯ ಅಚ್ಚು ಹುಡುಕಿದರೆ ದೊರೆಯುತ್ತದೆ. ಕಿಂಗ್‌ಪಿನ್ನು, ಬುಷ್ಷು ಮೊದಲಾದವು ಅಮೆರಿಕದಲ್ಲಿ ಇಂದಿಗೂ ಹೊಸದಾಗಿ ತಯಾರಾಗುತ್ತಿವೆ.

ಅಚ್ಚು ನೇರವಾಗಿ ಮನೆಗೆ ಬಂದ ಮೇಲೆ ಉಳಿದುದು ನಮ್ಮ ಕೆಲಸ. ಸವೆದ ಕಂಚಿನ ಬುಷ್ಷುಗಳನ್ನು ಹೊರದೂಡಿ, ಹೊಸದನ್ನು ವೈಸಿನಲ್ಲಿ ಮೆಲ್ಲನೆ ಒತ್ತಿ ಕೂರಿಸಬೇಕು. ಸುತ್ತಿಗೆಯಿಂದ ಬಡಿದರೆ ಅವುಗಳ ಬಾಯಿ ಹರಡುವುದು. ಬಳಿಕ ಮೇಲಿನ ಬುಷ್ಷೂ ಕೆಳಗಿನ ಬುಷ್ಷೂ ಒಂದೇ ರೇಖೆಯಲ್ಲಿ ಬರುವಂತೆ ರೀಮರಿನಿಂದ ಒಳಮೈಯನ್ನು ಅಳತೆಗೆ ತರಬೇಕು. ಎಣ್ಣೆ ಸವರಿದ ಗೂಟವು ಬೆರಳಿನ ಒತ್ತಿಗೆ ಒಳಕ್ಕೆ ಸರಿಯಬೇಕು, ಆದರೆ ಅಲ್ಲಾಡಬಾರದು. ಜೋಡಿಸುವಾಗ ಪ್ರತಿಯೊಂದು ನಟ್ಟಿಗೂ ಹೊಸ ಕಾಟರ್ ಪಿನ್ನನ್ನೇ ಹಾಕಿ. ಹಳೆಯ ಪಿನ್ನಿನಿಂದ ಉಳಿಯುವುದು ಕೆಲವು ಕಾಸು. ಕಳಚಿಹೋದರೆ ಕಳೆಯುವುದು ಚಕ್ರ. ಇಂಜಿನ್ನಿನ ಕೆಳಗಣ ಗುಂಡಿನ ಮುಚ್ಚಳ ಸಡಲಾಗಿದ್ದರೆ ಅಚ್ಚು ಹೊರಳಿ, ಸರಿಯಾದ ಓರೆಯೂ ಓಡುವಾಗ ತಪ್ಪಿಹೋಗುವುದಾದ್ದರಿಂದ ಅದನ್ನೂ ನೋಡಿಕೊಳ್ಳಬೇಕು.

ಕೊನೆಗೆ ಒಳಮುಖದ ಅಳತೆ. ಎರಡು ಮುಂದಿನ ಟೈರುಗಳ ಮುಂಭಾಗದಲ್ಲಿ, ಚಕ್ರದ ನಡುವಿನಷ್ಟು ಎತ್ತರದಲ್ಲಿ, ಸೀಮೆಸುಣ್ಣದಿಂದ ಗುರುತು ಮಾಡಿ ಅವುಗಳ ನಡುವಣ ಅಂತರವನ್ನು ಬರೆದುಕೊಳ್ಳಿ. ಬಂಡಿಯನ್ನು ಅರ್ಧ ಸುತ್ತು ಮುಂದಕ್ಕೆ ತಳ್ಳಿ. ಅದೇ ಗುರುತುಗಳು ಈಗ ಹಿಂಭಾಗದಲ್ಲಿ ಅದೇ ಎತ್ತರಕ್ಕೆ ಬಂದಿರುತ್ತವೆ, ಮತ್ತೆ ಅಳೆಯಿರಿ. ಅದೇ ಗುರುತುಗಳನ್ನು ಉಪಯೋಗಿಸುವುದರಿಂದ ಚಕ್ರದಲ್ಲಿ ಸ್ವಲ್ಪ ಓಲಾಟವಿದ್ದರೂ ಅಳತೆ ಕೆಡದು. ಹಿಂದಿನ ಅಳತೆ ಸ್ವಲ್ಪ ಹೆಚ್ಚಾಗಿರಬೇಕು. ಕಾಲು ಅಂಗುಲಕ್ಕೆ ಮೀರಬಾರದು. ಟೈ ರಾಡು ಅಚ್ಚಿನ ಹಿಂದುಗಡೆ ಇರುವುದರಿಂದ ಅದನ್ನು ಉದ್ದಮಾಡಿದರೆ ಚಕ್ರಗಳ ಮುಂಭಾಗಗಳು ಹತ್ತಿರವಾಗುವುವು; ಗಿಡ್ಡಮಾಡಿದರೆ ದೂರವಾಗುವುವು. ಹೊರಟ ಮೊದಲ ದಿನ ಜನರಿಲ್ಲದ ಬಯಲಿನಲ್ಲಿ ನಡಿಗೆಯ ವೇಗದಲ್ಲಿ ಓಡಿಸಿ, ಎರಡು ಕಡೆಗೂ ಪೂರ್ತಿ ತಿರುಗಿಸಿ ನೋಡಿ, ಹಿಂದಿರುಗಿ ಬಂದು ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ಪರೀಕ್ಷಿಸಬೇಕು.

“ನಮ್ಮಲ್ಲಿರುವುದು ಹಳೆಯ ಫೋರ್ಡಲ್ಲ, ಈಗಿನ ಕಾರು; ನಮಗೇನು ಪ್ರಯೋಜನ?” ಎಂದು ಕೆಲವರು ಕೇಳಬಹುದು. ಈಗಿನ ಬಹುಪಾಲು ಸಣ್ಣ ಕಾರುಗಳಲ್ಲಿ ಮುಂದೆ ಅಡ್ಡ ಅಚ್ಚೇ ಇಲ್ಲ. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕನ್ ಇಂಜಿನಿಯರು ರೂಪಿಸಿದ, 1950ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾನ್ಸಲ್ ಮತ್ತು ಜೆಫಿರ್ ಬಂಡಿಗಳಲ್ಲಿ ಬಂದ ಕಂಬದ ಏರ್ಪಾಡೇ ಅವುಗಳಲ್ಲಿರುವುದು. 1983ರಲ್ಲಿ ನಮ್ಮ ದೇಶದಲ್ಲಿ ಹೊರಟ ಮಾರುತಿ 800ರ ಮುಂಭಾಗವೂ ಅದೇ ಬಗೆಯದು. ಪ್ರತಿಯೊಂದು ಚಕ್ರಕ್ಕೂ ಒಂದು ಕಂಬ, ಅದರ ಸುತ್ತ ಅದುಮಿಟ್ಟ ಸುರುಳಿಸ್ಪ್ರಿಂಗು, ಕೆಳಗೊಂದು ಕೈ. ಅಳೆಯುವ, ಅಲ್ಲಾಡಿಸಿ ನೋಡುವ, ಭದ್ರವಾಗಿ ಎತ್ತಿ ನಿಲ್ಲಿಸುವ ವಿಧಾನಗಳು ಇಲ್ಲಿಯೂ ಅವೇ. ಆದರೆ ಕಂಬದ ನೆತ್ತಿಯ ನಡುವಣ ನಟ್ಟನ್ನು, ಸುರುಳಿಯನ್ನು ಅದುಮಿ ಹಿಡಿಯುವ ಉಪಕರಣವಿಲ್ಲದೆ ಎಂದಿಗೂ ಬಿಚ್ಚಬಾರದು. ಹಾಗೆ ಬಿಚ್ಚಿದರೆ ಸುರುಳಿಯು ಗುಂಡಿನಂತೆ ಹಾರಿ ಪ್ರಾಣವನ್ನೇ ತೆಗೆಯಬಹುದು. ಬಾಗಿದ ಕೈಯನ್ನೂ, ಬಾಗಿದ ಕಂಬವನ್ನೂ ನೇರಮಾಡಲು ಹೋಗದೆ ಹೊಸದನ್ನೇ ಹಾಕತಕ್ಕದ್ದು. ಓರೆಗಳ ಅಳತೆಯನ್ನು ಯಂತ್ರವಿರುವ ಕಡೆ ತೋರಿಸಿಕೊಳ್ಳುವುದು ಅವಶ್ಯಕ.

ಸ್ವಂತ ಕೈಯಿಂದ ರಿಪೇರಿ ಮಾಡುವುದರಲ್ಲಿ ಒಂದು ಸಂತೋಷವಿದೆ. ಅದನ್ನು ಯಾರೂ ಬಿಡಬೇಕಾದ್ದಿಲ್ಲ. ತೊಳೆಯುವುದು, ಅಳೆಯುವುದು, ಬಿರುಕನ್ನು ಹುಡುಕುವುದು, ಬುಷ್ಷು ಬದಲಾಯಿಸುವುದು, ಗ್ರೀಸು ಹಾಕುವುದು, ಜೋಡಿಸುವುದು ಇವೆಲ್ಲವೂ ನಮ್ಮವು. ಉಕ್ಕಿನ ಹದವನ್ನು ಮುಟ್ಟುವ ಕೆಲಸ ಮಾತ್ರ ನಮ್ಮದಲ್ಲ. ಇಂಜಿನ್ನು ಕೆಟ್ಟರೆ ಬಂಡಿ ನಿಲ್ಲುತ್ತದೆ, ಅಷ್ಟೇ. ಮುಂದಿನ ಅಚ್ಚು ಮುರಿದರೆ ಅದು ಎಲ್ಲಿ ಹೋಗಿ ನಿಲ್ಲುವುದೆಂದು ಹೇಳಬಲ್ಲವರಿಲ್ಲ. ಒಳಗೆ ಕುಳಿತವರು ನಮ್ಮವರು. ರಸ್ತೆಯ ಬದಿಯಲ್ಲಿ ನಡೆದುಹೋಗುವವರು ಇನ್ನಾರದೋ ಮನೆಯವರು. ಕುಲುಮೆಯ ಸಲಹೆಯನ್ನು ಕೊಡುವ ನೆರೆಯವರಿಗೆ ಈ ಮಾತನ್ನು ಮೃದುವಾಗಿ ತಿಳಿಸಿ, ಒಂದು ಲೋಟ ಕಾಫಿ ಕೊಟ್ಟು, ಸಲಾಕೆಯ ಇನ್ನೊಂದು ತುದಿಯಲ್ಲಿ ದಾರ ಹಿಡಿದು ನಿಲ್ಲುವಂತೆ ಅವರನ್ನೇ ಕೇಳಿಕೊಳ್ಳಬಹುದು. ಆ ಕೆಲಸಕ್ಕೆ ಹೇಗೂ ಇಬ್ಬರು ಬೇಕು.